ಶಿಕ್ಷಕರ ಕೈಗೊಂದು ಸುತ್ತಿಗೆ



ಕೆಲವು ವರ್ಷಗಳ ಹಿಂದಿನ ಮಾತು. ಆಗ ನಾನಿನ್ನೂ ಶಾಲೆಯಲ್ಲಿ ಪಾಠ ಮಾಡುತ್ತಿದ್ದೆ. ಏಳನೇ ತರಗತಿಗೆ ಶಾಖದ ಪಾಠ. ಕಾಯಿಸಿದರೆ ಲೋಹ ಹಿಗ್ಗುತ್ತದೆ, ತಣಿದರೆ ಕುಗ್ಗುತ್ತದೆ ಎಂದು ಹೇಳಿ, ಗುಂಡು ಮತ್ತು ಬಳೆಯ ಚಿತ್ರವನ್ನು ಕಪ್ಪುಹಲಗೆಯ ಮೇಲೆ ಬರೆದು ಮುಗಿಸಿದ್ದೆ. ಹಿಂದಿನ ಸಾಲಿನ ಹುಡುಗನೊಬ್ಬ ಎದ್ದು ನಿಂತ. "ಸಾರ್, ನಮ್ಮಪ್ಪ ಮಚ್ಚು ಕಾಯ್ಸಿ ನೀರಿಗೆ ಅದ್ದಿ ಗಟ್ಟಿ ಮಾಡ್ತಾರೆ. ಆಮೇಲೆ ಮತ್ತೆ ಸ್ವಲ್ಪ ಕಾಯ್ಸ್ತಾರೆ. ಗಟ್ಟಿ ಆಗಿರೋದನ್ನ ಮತ್ತೆ ಯಾಕ್ ಸಾರ್ ಕಾಯ್ಸ್ಬೇಕು?" ಎಂದು ಕೇಳಿದ. ಅವನ ತಂದೆ ಊರಿನ ಕಮ್ಮಾರರು. ನಾನು ಎಂ.ಎಸ್ಸಿ. ಓದಿದವನು. ಉತ್ತರ ನನಗೆ ಗೊತ್ತಿರಲಿಲ್ಲ. "ಅದೆಲ್ಲ ಮುಂದಿನ ತರಗತಿಯಲ್ಲಿ ಬರುತ್ತೆ, ಕೂತ್ಕೋ" ಎಂದುಬಿಟ್ಟೆ.

ಅಷ್ಟೇ ಆಗಿದ್ದರೆ ಮರೆತುಬಿಡುತ್ತಿದ್ದೆನೋ ಏನೋ. ಆದರೆ ಅದಕ್ಕೆ ಒಂದು ವಾರ ಮೊದಲು ಅದೇ ಹುಡುಗ ಮನೆಗೆಲಸ ಬರೆದುಕೊಂಡು ಬಂದಿರಲಿಲ್ಲ. "ಓದದೇ ಇದ್ರೆ ಅಪ್ಪನ ಜೊತೆ ತಿದಿ ಒತ್ತೋಕೆ ಹೋಗು" ಎಂದು ಇಡೀ ತರಗತಿಯ ಮುಂದೆ ಹೇಳಿದವನು ನಾನೇ. ಮಕ್ಕಳೆಲ್ಲ ನಕ್ಕಿದ್ದರು. ತಿದಿ ಒತ್ತುವ ಮನೆಯಿಂದ ಬಂದ ಪ್ರಶ್ನೆಗೆ ನನ್ನ ಪದವಿಯಲ್ಲಿ ಉತ್ತರವಿರಲಿಲ್ಲ ಎಂಬುದು ರಾತ್ರಿ ಮಲಗಿದಾಗ ಅರಿವಾಯಿತು.

ಆ ಭಾನುವಾರ ಅವರ ಕುಲುಮೆಗೆ ಹೋದೆ. "ಆಚಾರ್ರೇ, ಸ್ವಲ್ಪ ಹೊತ್ತು ಕೂತು ನೋಡಬಹುದಾ?" ಎಂದು ಕೇಳಿದೆ. "ನೋಡೋದೇನು ಬಂತು ಮೇಷ್ಟ್ರೇ, ತಿದಿ ತಿರುಗಿಸಿ. ಕೂತು ನೋಡಿದ್ರೆ ಗೊತ್ತಾಗಲ್ಲ" ಎಂದರು. ಅಂದಿನಿಂದ ಕಮ್ಮಾರಿಕೆ ನನ್ನ ಹವ್ಯಾಸವಾಯಿತು. ಇಂದಿಗೂ ನಾನು ಒಳ್ಳೆಯ ಕಮ್ಮಾರನಲ್ಲ. ಒಂದು ಕೊಕ್ಕೆ, ಒಂದು ಮೊಳೆ, ಒಂದು ಇಕ್ಕಳ ಮಾಡಬಲ್ಲೆ, ಅಷ್ಟೇ. ಆದರೂ ಈ ಲೇಖನದಲ್ಲಿ ಒಂದು ಅಭಿಪ್ರಾಯವನ್ನು ನಿಮ್ಮ ಮುಂದಿಡಲು ಬಯಸುತ್ತೇನೆ. ವಿಜ್ಞಾನ ಕಲಿಸುವ ನಾವು ತಿಂಗಳಿಗೆ ಒಂದೆರಡು ಸಂಜೆಯಾದರೂ ಕುಲುಮೆಯ ಮುಂದೆ ಕುಳಿತು ಕಬ್ಬಿಣ ಬಡಿಯಲು ಕಲಿಯಬೇಕು. ಕಮ್ಮಾರರಾಗುವುದಕ್ಕಲ್ಲ, ಒಳ್ಳೆಯ ಶಿಕ್ಷಕರಾಗುವುದಕ್ಕೆ.

ಹುಡುಗನ ಪ್ರಶ್ನೆಗೆ ಉತ್ತರ

ಮೊದಲು ಆ ಪ್ರಶ್ನೆಯನ್ನು ನೋಡೋಣ. ಮಚ್ಚು, ಕುಡುಗೋಲುಗಳನ್ನು ನಮ್ಮ ಕಡೆಯ ಕಮ್ಮಾರರು ಹೆಚ್ಚಾಗಿ ಲಾರಿಯ ಹಳೆಯ ಸ್ಪ್ರಿಂಗ್ ಪಟ್ಟಿಯಿಂದ ಮಾಡುತ್ತಾರೆ. ಅದರಲ್ಲಿ ಶೇಕಡಾ 0.6ರಷ್ಟು ಇಂಗಾಲವಿರುತ್ತದೆ. ಮನೆ ಕಟ್ಟುವಾಗ ಬಳಸುವ ಸಾಧಾರಣ ಮೃದು ಉಕ್ಕಿನಲ್ಲಿ ಇಂಗಾಲ ಶೇಕಡಾ 0.2ರ ಆಸುಪಾಸು. ಇಷ್ಟು ಚಿಕ್ಕ ವ್ಯತ್ಯಾಸವೇ ಎಲ್ಲವನ್ನೂ ನಿರ್ಧರಿಸುತ್ತದೆ.

ಸ್ಪ್ರಿಂಗ್ ಪಟ್ಟಿಯನ್ನು ಸುಮಾರು 800 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿದಾಗ ಕಬ್ಬಿಣದ ಪರಮಾಣುಗಳ ಜೋಡಣೆ ಬದಲಾಗುತ್ತದೆ. ಆ ಹೊಸ ಜೋಡಣೆಯೊಳಗೆ ಇಂಗಾಲದ ಪರಮಾಣುಗಳು ಸಲೀಸಾಗಿ ಕರಗಿ ಕೂರುತ್ತವೆ. ನಿಧಾನವಾಗಿ ತಣಿಯಲು ಬಿಟ್ಟರೆ ಅವು ಮತ್ತೆ ಹೊರಬಂದು ಬೇರೆಯಾಗುತ್ತವೆ, ಉಕ್ಕು ಮೆತ್ತಗಿರುತ್ತದೆ. ಥಟ್ಟನೆ ನೀರಿಗೆ ಅದ್ದಿದರೆ ಅವುಗಳಿಗೆ ಹೊರಬರಲು ಸಮಯ ಸಿಗುವುದಿಲ್ಲ. ಒಳಗೇ ಸಿಕ್ಕಿಬಿದ್ದು ಇಡೀ ಜೋಡಣೆಯನ್ನು ಬಿಗಿಮಾಡುತ್ತವೆ. ಆಗ ಉಕ್ಕು ಗಾಜಿನಂತೆ ಗಡಸಾಗುತ್ತದೆ, ಗಾಜಿನಂತೆಯೇ ಒಡೆಯಲೂಬಹುದು. ಅಂಥ ಮಚ್ಚಿನಿಂದ ಕೊಂಬೆ ಕಡಿದರೆ ಅಲಗು ಚಕ್ಕೆ ಏಳುತ್ತದೆ. ಅದಕ್ಕಾಗಿಯೇ ಮತ್ತೆ 200ರಿಂದ 300 ಡಿಗ್ರಿಯವರೆಗೆ ಹದವಾಗಿ ಕಾಯಿಸಿ ಆ ಬಿಗಿಯನ್ನು ಸ್ವಲ್ಪ ಸಡಿಲಿಸುತ್ತಾರೆ. ಗಡಸುತನ ತುಸು ಕಡಿಮೆಯಾಗುತ್ತದೆ, ಬದಲಿಗೆ ತಾಳಿಕೆ ಬರುತ್ತದೆ. ಇದನ್ನೇ ಅವರು ಹದ ಮಾಡುವುದು ಎನ್ನುತ್ತಾರೆ.

ಎಷ್ಟು ಕಾಯಿಸಬೇಕು ಎಂದು ಅವರಿಗೆ ಗೊತ್ತಾಗುವುದು ಹೇಗೆ? ಉಷ್ಣಮಾಪಕ ಅವರ ಬಳಿ ಇಲ್ಲ. ಅಲಗನ್ನು ಉಜ್ಜಿ ಬೆಳ್ಳಗೆ ಮಾಡಿ ಕಾಯಿಸುತ್ತಾರೆ. 230 ಡಿಗ್ರಿಯ ಸುಮಾರಿಗೆ ಒಣಹುಲ್ಲಿನ ಹಳದಿ, 280ಕ್ಕೆ ನೇರಳೆ, 300ರ ಹತ್ತಿರ ನೀಲಿ ಬಣ್ಣ ಅಲಗಿನ ಮೇಲೆ ಹರಿಯುತ್ತದೆ. ಕಬ್ಬಿಣದ ಮೇಲೆ ಕಟ್ಟುವ ಅತಿ ತೆಳುವಾದ ಆಕ್ಸೈಡ್ ಪದರದಿಂದ ಈ ಬಣ್ಣಗಳು ಹುಟ್ಟುತ್ತವೆ. ಸೋಪಿನ ಗುಳ್ಳೆಯ ಮೇಲೆ ಬಣ್ಣ ಕಾಣುವುದೂ ಇದೇ ಕಾರಣಕ್ಕೆ. ಬೇಕಾದ ಬಣ್ಣ ಬಾಯಿಗೆ ಬಂದ ಕ್ಷಣದಲ್ಲಿ ಮಚ್ಚನ್ನು ನೀರಿಗಿಡುತ್ತಾರೆ. ಪದವಿ ತರಗತಿಯ ಭೌತವಿಜ್ಞಾನವನ್ನು ಶಾಲೆಯ ಮೆಟ್ಟಿಲು ಹತ್ತದವರು ಕಣ್ಣಳತೆಯಲ್ಲಿ ಬಳಸುತ್ತಿದ್ದಾರೆ ಎಂಬುದು ನಮಗೆ ತಿಳಿದಿರಬೇಡವೇ?

ಕತ್ತಲೆಯ ಪ್ರಯೋಗಶಾಲೆ

ಕುಲುಮೆ ಯಾವಾಗಲೂ ಕತ್ತಲಾಗಿರುತ್ತದೆ, ಗಮನಿಸಿದ್ದೀರಾ? ನಾನು ಅದನ್ನು ಬಡತನ ಎಂದುಕೊಂಡಿದ್ದೆ. ಅದು ಅಗತ್ಯ. ಕಾದ ಕಬ್ಬಿಣದ ಬಣ್ಣ ಬಿಸಿಲಿನಲ್ಲಿ ಕಾಣುವುದಿಲ್ಲ. ನೆರಳಿನಲ್ಲಿ ನಿಂತು ನೋಡಿದರೆ 500 ಡಿಗ್ರಿ ದಾಟಿದ ಮೇಲೆ ಮಂಕು ಕೆಂಪು ಕಾಣತೊಡಗುತ್ತದೆ. 800ರ ಹತ್ತಿರ ಚೆನ್ನಾದ ಕೆಂಪು, 950ರ ಸುಮಾರಿಗೆ ಕಿತ್ತಳೆ, 1100ಕ್ಕೆ ಹಳದಿ. 1300ರ ಹತ್ತಿರ ಬೆಳ್ಳಗಾಗಿ ಕಿಡಿ ಹಾರಿದರೆ ಕಬ್ಬಿಣವೇ ಉರಿಯುತ್ತಿದೆ ಎಂದರ್ಥ, ಆ ತುಂಡು ಕೆಟ್ಟಂತೆಯೇ. ಬಡಿಯಲು ಒಳ್ಳೆಯ ಹೊತ್ತು ಕಿತ್ತಳೆಯಿಂದ ಹಳದಿಯವರೆಗೆ. ಕೆಂಪು ಮಂಕಾದ ಮೇಲೂ ಬಡಿದರೆ ಬಿರುಕು ಬಿಡುತ್ತದೆ. ಕಾದಾಗಲೇ ಬಡಿಯಬೇಕು ಎಂಬ ಗಾದೆಯನ್ನು ನಾವು ರಾಜಕೀಯದ ಭಾಷಣಕ್ಕೆ ಬಳಸುತ್ತೇವೆ. ಅದರ ಮೂಲ ಅರ್ಥ ಅಂಗೈಗೆ ತಿಳಿಯುವುದು ಇಲ್ಲಿ.

ಇದೇ ಕುಲುಮೆಯಲ್ಲಿ ನಮ್ಮ ಪಾಠಗಳಿಗೆ ಬೇಕಾದ ಇನ್ನೂ ಹಲವು ಪ್ರಯೋಗಗಳಿವೆ.

ಒಂದು, ದಹನ. ಇದ್ದಿಲು ಅದೇ, ಒಲೆ ಅದೇ. ತಿದಿ ಒತ್ತಿದರೆ ಕೆಂಡ ಕೆಂಪಿನಿಂದ ಹಳದಿಗೆ ತಿರುಗುತ್ತದೆ. ದಹನಕ್ಕೆ ಆಮ್ಲಜನಕ ಬೇಕು ಎಂಬ ವಾಕ್ಯವನ್ನು ಬಾಯಿಪಾಠ ಮಾಡಿಸುವ ಬದಲು ಇದನ್ನೊಮ್ಮೆ ತೋರಿಸಿ.

ಎರಡು, ಹಿಗ್ಗುವಿಕೆ. ಎತ್ತಿನ ಗಾಡಿಯ ಮರದ ಚಕ್ರಕ್ಕೆ ಕಬ್ಬಿಣದ ಪಟ್ಟಿ ಏರಿಸುವಾಗ ಪಟ್ಟಿಯ ಅಳತೆ ಚಕ್ರಕ್ಕಿಂತ ತುಸು ಚಿಕ್ಕದಿರುತ್ತದೆ. ಒಂದೂವರೆ ಮೀಟರ್ ವ್ಯಾಸದ ಪಟ್ಟಿಯನ್ನು 500 ಡಿಗ್ರಿಯಷ್ಟು ಕಾಯಿಸಿದರೆ ವ್ಯಾಸ ಸುಮಾರು 9 ಮಿಲಿಮೀಟರ್ ಹೆಚ್ಚುತ್ತದೆ. ಆ ಸಂದಿನಲ್ಲೇ ಚಕ್ರಕ್ಕೆ ಕೂರಿಸಿ ನೀರು ಹೊಯ್ಯುತ್ತಾರೆ. ಪಟ್ಟಿ ಕುಗ್ಗಿ ಚಕ್ರದ ಕೀಲುಗಳನ್ನೆಲ್ಲ ಬಿಗಿದುಕೊಳ್ಳುತ್ತದೆ. ಈ ದೃಶ್ಯ ಈಗ ಅಪರೂಪ. ನಿಮ್ಮ ಊರಿನ ಹಿರಿಯರು ನೋಡಿರುತ್ತಾರೆ, ಮಕ್ಕಳು ಕೇಳಿ ಬರೆದುಕೊಂಡು ಬರಲಿ.

ಮೂರು, ಕಾಂತತೆ. ಕಬ್ಬಿಣ ಸುಮಾರು 770 ಡಿಗ್ರಿ ತಲುಪಿದಾಗ ಅಯಸ್ಕಾಂತ ಅದನ್ನು ಸೆಳೆಯುವುದನ್ನು ನಿಲ್ಲಿಸುತ್ತದೆ. ತಂತಿಗೆ ಕಟ್ಟಿದ ಅಯಸ್ಕಾಂತವನ್ನು ಕಾದ ಸರಳಿನ ಹತ್ತಿರ ತೂಗಿಬಿಟ್ಟು ನೋಡಿ. ಸರಳು ತಣಿಯುತ್ತ ಬಂದಂತೆ ಒಂದು ಕ್ಷಣದಲ್ಲಿ ಅಯಸ್ಕಾಂತ ಮತ್ತೆ ಅತ್ತ ವಾಲುತ್ತದೆ. (ಅಯಸ್ಕಾಂತವನ್ನು ಸರಳಿಗೆ ತಾಗಿಸಬೇಡಿ, ಬಿಸಿಯಾದರೆ ಅದರ ಶಕ್ತಿಯೇ ಕುಂದುತ್ತದೆ.) ನಾನು ಇದನ್ನು ಆಚಾರ್ರಿಗೆ ತೋರಿಸಿದಾಗ ಅವರು ಅಚ್ಚರಿಪಟ್ಟರು. ಅವರು ನೀರಿಗೆ ಅದ್ದುವ ಕೆಂಪು ಬಣ್ಣ ಅದಾದ ಸ್ವಲ್ಪ ಹೊತ್ತಿಗೇ ಬರುತ್ತದೆ. ಅಂದು ನಾವಿಬ್ಬರೂ ಒಬ್ಬರಿಂದೊಬ್ಬರು ಕಲಿತೆವು.

ಉಪಕರಣ ಕೂಡಿಸುವ ಮುನ್ನ

ಈ ಮಾತು ಕೇಳಿ ಉತ್ಸಾಹ ಬಂದವರು ಮೊದಲು ಕೇಳುವುದು, "ಏನೇನು ಕೊಳ್ಳಬೇಕು?" ಎಂದು. ನನ್ನ ಉತ್ತರ, ಸದ್ಯಕ್ಕೆ ಏನೂ ಬೇಡ. ಉಪಕರಣ ಕೂಡಿಸುವುದೇ ಹವ್ಯಾಸವಾಗಿಬಿಡುವ ಅಪಾಯ ಇದರಲ್ಲಿದೆ. ನಮ್ಮ ಶಾಲೆಗಳ ವಿಜ್ಞಾನ ಕಿಟ್ಟುಗಳನ್ನೇ ನೋಡಿ. ಎಷ್ಟೋ ಕಡೆ ಅವು ಬೀರುವಿನಲ್ಲಿ ಭದ್ರವಾಗಿವೆ. ಒಡೆದರೆ ದಾಸ್ತಾನು ವಹಿಯಲ್ಲಿ ಏನು ಬರೆಯುವುದು ಎಂಬ ಭಯ. ಬಳಸದ ಮಸೂರಕ್ಕೂ ಬಡಿಯದ ಸುತ್ತಿಗೆಗೂ ವ್ಯತ್ಯಾಸವಿಲ್ಲ.

ಆದುದರಿಂದ ಮೊದಲ ಐದಾರು ಸಲ ಊರಿನ ಕುಲುಮೆಗೆ ಬರಿಗೈಯಲ್ಲಿ ಹೋಗಿ. ತಿದಿ ತಿರುಗಿಸಿ, ಇದ್ದಿಲು ತುಂಬಿ, ಕಸ ಗುಡಿಸಿ. ಸುಗ್ಗಿಗೆ ಮುಂಚೆ, ಮಳೆ ಹಿಡಿಯುವ ಮುಂಚೆ ಅವರಿಗೆ ಕೈತುಂಬ ಕೆಲಸವಿರುತ್ತದೆ, ಆ ದಿನಗಳಲ್ಲಿ ತೊಂದರೆ ಕೊಡಬೇಡಿ. ಅವರ ಸಮಯಕ್ಕೆ, ಇದ್ದಿಲಿಗೆ ಹಣ ಕೊಡಿ. ಮೇಷ್ಟ್ರು ಎಂಬ ಗೌರವಕ್ಕೆ ಅವರು ಬೇಡವೆನ್ನಬಹುದು, ಆದರೂ ಕೊಡಿ. ಗುರುದಕ್ಷಿಣೆ ಕೊಡದೆ ಕಲಿಯುವುದು ನಮಗೆ ಶೋಭೆಯಲ್ಲ.

ನಿಮ್ಮದೇ ಒಂದು ಪುಟ್ಟ ಒಲೆ ಬೇಕೆನಿಸಿದಾಗ ಒಂದೊಂದಾಗಿ ಕೂಡಿಸಿ. ನನ್ನ ಅನುಭವದಲ್ಲಿ ಬೇಕಾದವು ಇಷ್ಟೇ.

ಒಲೆ: ಇಟ್ಟಿಗೆ ಮತ್ತು ಜೇಡಿಮಣ್ಣಿನಿಂದ ಕಟ್ಟಿದ, ಒಂದು ಗೇಣಗಲದ ಗುಂಡಿ ಸಾಕು. ಸಿಮೆಂಟು ಬೇಡ, ಹೊಳೆಯ ಕಲ್ಲೂ ಬೇಡ. ಅವುಗಳೊಳಗಿನ ತೇವ ಆವಿಯಾಗಿ ಚೂರುಗಳು ಸಿಡಿಯುತ್ತವೆ. ಗಾಳಿಗೆ ಕೈಯಿಂದ ತಿರುಗಿಸುವ ಬ್ಲೋವರ್ ಒಳ್ಳೆಯದು. ಹಳೆಯದು ಗುಜರಿಯಲ್ಲಿ ಸಿಕ್ಕರೆ ಎಣ್ಣೆ ಬಿಟ್ಟು ಸರಿಮಾಡಿಕೊಳ್ಳಬಹುದು. ವಿದ್ಯುತ್ತಿನದು ಬೇಡವೆಂದಲ್ಲ, ಆದರೆ ಕೈಯಿಂದ ತಿರುಗಿಸಿದರೆ ಗಾಳಿಗೂ ಬೆಂಕಿಗೂ ಇರುವ ಸಂಬಂಧ ಬೇಗ ತಿಳಿಯುತ್ತದೆ.

ಅಡಿಗಲ್ಲು: ಹೆಸರು ಕಲ್ಲಾದರೂ ಇದು ಉಕ್ಕಿನ ದಿಮ್ಮಿ. ಕೊಂಬಿರುವ ಅಂದದ ಅಡಿಗಲ್ಲೇ ಬೇಕೆಂದು ವರ್ಷಗಟ್ಟಲೆ ಕಾಯಬೇಡಿ. ನಮ್ಮ ಕಮ್ಮಾರರಲ್ಲಿ ಎಷ್ಟೋ ಮಂದಿ ಮರದ ಕೊರಡಿನಲ್ಲಿ ಹೂತ ಚೌಕ ದಿಮ್ಮಿಯ ಮೇಲೇ ಜೀವನವಿಡೀ ದುಡಿದಿದ್ದಾರೆ. 20–25 ಕಿಲೋ ತೂಗುವ ಗಟ್ಟಿ ಉಕ್ಕಿನ ತುಂಡು ಸಾಕು. ಗುಣ ಪರೀಕ್ಷಿಸಲು ಒಂದು ಬೇರಿಂಗ್ ಗುಂಡನ್ನು ಒಂದು ಅಡಿ ಎತ್ತರದಿಂದ ಅದರ ಮೇಲೆ ಬೀಳಿಸಿ. ಮುಕ್ಕಾಲು ಅಡಿಯಷ್ಟು ಪುಟಿದರೆ ಒಳ್ಳೆಯದು. ಮೆತ್ತಗಿನ ಕಬ್ಬಿಣದ ಮೇಲೆ ಗುಂಡು ಅಷ್ಟು ಏಳುವುದಿಲ್ಲ, ಬಿದ್ದ ಶಕ್ತಿಯ ಹೆಚ್ಚು ಪಾಲು ಕುಳಿ ಮಾಡುವುದರಲ್ಲೇ ಕಳೆದುಹೋಗುತ್ತದೆ. ಇದೂ ಒಂದು ಶಕ್ತಿಯ ಪಾಠ. ರೈಲು ಹಳಿಯ ತುಂಡು ಅಡಿಗಲ್ಲಿಗೆ ಚೆನ್ನಾಗಿ ಒದಗುತ್ತದೆ ಎಂಬುದು ನಿಜ. ಆದರೆ ಹಳಿಯ ಬದಿಯಲ್ಲಿ ಬಿದ್ದದ್ದನ್ನು ಎತ್ತಿಕೊಂಡು ಬರಬೇಡಿ, ರಸೀದಿಯಿಲ್ಲದೆ ಕೊಳ್ಳಲೂ ಬೇಡಿ. ರೈಲ್ವೆ ಆಸ್ತಿಯನ್ನು ಅಕ್ರಮವಾಗಿ ಇಟ್ಟುಕೊಳ್ಳುವುದು 1966ರ ಕಾಯ್ದೆಯಂತೆ ಅಪರಾಧ.

ಸುತ್ತಿಗೆ: ಒಂದು ಕಿಲೋ ಒಳಗಿನದು. ದೊಡ್ಡ ಸುತ್ತಿಗೆ ಹಿಡಿದರೆ ಬೇಗ ಕಲಿಯುತ್ತೇವೆ ಎಂಬುದು ತಪ್ಪು, ಮೊಣಕೈ ನೋವಷ್ಟೇ ಬೇಗ ಬರುತ್ತದೆ. ಅದರ ಮುಖದ ಅಂಚುಗಳನ್ನು ಅರದಿಂದ ಉಜ್ಜಿ ದುಂಡಗೆ ಮಾಡಿ. ಇಲ್ಲದಿದ್ದರೆ ಪ್ರತಿ ಏಟಿಗೂ ಕಬ್ಬಿಣದ ಮೇಲೆ ಗಾಯದಂಥ ಗುರುತು ಬೀಳುತ್ತದೆ.

ಇಕ್ಕಳ: ಆರಂಭಕ್ಕೆ ಇದು ಬೇಡವೇ ಬೇಡ. ಎರಡು ಅಡಿ ಉದ್ದದ ಸರಳು ತೆಗೆದುಕೊಂಡರೆ ಒಂದು ತುದಿ ಕೆಂಪಾಗಿದ್ದರೂ ಇನ್ನೊಂದು ತುದಿಯನ್ನು ಕೈಯಲ್ಲಿ ಹಿಡಿಯಬಹುದು. ತಾಮ್ರದ ಸರಳಾಗಿದ್ದರೆ ಹೀಗೆ ಹಿಡಿಯಲಾಗುತ್ತಿರಲಿಲ್ಲ. ಮೃದು ಉಕ್ಕಿಗಿಂತ ತಾಮ್ರ ಏಳೆಂಟು ಪಟ್ಟು ಚೆನ್ನಾಗಿ ಶಾಖವನ್ನು ಸಾಗಿಸುತ್ತದೆ. ಕೆಲಸ ಮುಗಿದ ಮೇಲೆ ತುದಿಯನ್ನು ಉಳಿಯಿಂದ ಕಡಿದುಕೊಂಡರಾಯಿತು.

ಇವುಗಳ ಜೊತೆಗೆ ಒಂದು ಉಳಿ, ಒಂದು ಅರ, ತಂತಿಯ ಬ್ರಷ್ಷು, ಒಂದು ಬಕೆಟ್ ನೀರು, ಒಂದು ಬಕೆಟ್ ಮರಳು. ಇಷ್ಟಾದರೆ ಸಾಕು. ಉಳಿದದ್ದನ್ನು ನೀವೇ ಮಾಡಿಕೊಳ್ಳಬೇಕು. ಈ ಕಸುಬಿನ ಸೊಗಸೇ ಅದು. ತನಗೆ ಬೇಕಾದ ಸಲಕರಣೆಯನ್ನು ತಾನೇ ಮಾಡಿಕೊಳ್ಳಬಲ್ಲ ಕಸುಬುಗಳು ಹೆಚ್ಚಿಲ್ಲ. ಬಡಗಿಯ ಉಳಿಯೂ ರೈತನ ಕುಳವೂ ಕ್ಷೌರಿಕರ ಕತ್ತಿಯೂ ಕುಲುಮೆಯಿಂದ ಬಂದವು. ಕಮ್ಮಾರನ ಇಕ್ಕಳವೂ ಅಲ್ಲಿಂದಲೇ ಬಂದದ್ದು.

ಮೊದಲು ಒಂದು ಕೊಕ್ಕೆ ಮಾಡಿ. ನಂತರ ಮೊಳೆ. ಮೊಳೆಯ ತುದಿ ಚೂಪು ಮಾಡುವಾಗ ನೇರವಾಗಿ ದುಂಡಗೆ ಬಡಿಯಲು ಹೋಗಬೇಡಿ, ನಡುವೆ ಸೀಳುತ್ತದೆ. ಮೊದಲು ನಾಲ್ಕು ಮುಖ, ಆಮೇಲೆ ಎಂಟು ಮುಖ, ಕೊನೆಗೆ ದುಂಡು. ಇದು ಕಮ್ಮಾರರ ಹಳೆಯ ಕ್ರಮ. ನೂರು ಮೊಳೆ ಮಾಡಿದ ಮೇಲೆ ಇಕ್ಕಳಕ್ಕೆ ಕೈಹಾಕಿ. ನನ್ನ ಮೊದಲ ಇಕ್ಕಳದ ಬಾಯಿ ಕೂಡುತ್ತಲೇ ಇರಲಿಲ್ಲ. ಆಚಾರ್ರು ಅದನ್ನು ತಿರುಗಿಸಿ ನೋಡಿ, "ಇದು ಹಿಡಿಯಲ್ಲ ಮೇಷ್ಟ್ರೇ, ಬರೀ ಆಕಳಿಸುತ್ತೆ" ಎಂದರು. ಪಕ್ಕದಲ್ಲಿದ್ದ ಅವರ ಮಗ ನಕ್ಕ. ಆ ನಗುವಿಗೆ ನಾನು ಅರ್ಹನಾಗಿದ್ದೆ.

ಹಳೆಯ ಕುಲುಮೆಯ ಸಾಮಾನು

ಒಂದು ಸೂಕ್ಷ್ಮ ವಿಷಯವನ್ನು ಹೇಳಲೇಬೇಕು. ಕಾರ್ಖಾನೆಯ ಸಲಕರಣೆ ಅಗ್ಗಕ್ಕೆ ಸಿಗುವುದರಿಂದ ಹಲವೆಡೆ ಕುಲುಮೆಗಳು ಮುಚ್ಚಿವೆ. ಅವುಗಳ ಅಡಿಗಲ್ಲು, ಸಮ್ಮಟಿಗೆ, ಇಕ್ಕಳಗಳು ತೂಕದ ಲೆಕ್ಕದಲ್ಲಿ ಗುಜರಿ ಸೇರುತ್ತಿವೆ. ಹವ್ಯಾಸಿಗಳಾದ ನಮಗೆ ಇದು ಅಗ್ಗದ ಅವಕಾಶವೆಂದು ತೋರಬಹುದು. ಆದರೆ ನನ್ನ ಮಟ್ಟಿಗೆ ಮೂರು ನಿಯಮ ಇಟ್ಟುಕೊಂಡಿದ್ದೇನೆ. ಉರಿಯುತ್ತಿರುವ ಕುಲುಮೆಯಿಂದ, ಅವರಾಗಿ ಕೊಡುತ್ತೇನೆಂದರೂ, ಕೆಲಸಕ್ಕೆ ಬರುವ ಸಲಕರಣೆ ಕೊಳ್ಳುವುದಿಲ್ಲ. ಮುಚ್ಚಿದ ಕುಲುಮೆಯಿಂದ ಕೊಳ್ಳುವಾಗ ಗುಜರಿಯ ಬೆಲೆ ಕಟ್ಟುವುದಿಲ್ಲ, ಹೊಸದಕ್ಕೆ ಎಷ್ಟಾಗುತ್ತದೆ ಎಂದು ವಿಚಾರಿಸಿ ನ್ಯಾಯವಾದ ಬೆಲೆ ಕೊಡುತ್ತೇನೆ. ಕೊಂಡದ್ದನ್ನು ಗೋಡೆಗೆ ನೇತುಹಾಕುವುದಿಲ್ಲ, ಬಳಸುತ್ತೇನೆ. ಹಾಗೆಯೇ ನಾನು ಮಾಡಿದ್ದನ್ನು ಮಾರುವುದಿಲ್ಲ. ಸಂಬಳ ಬರುವ ನಾವು ಅವರ ಅನ್ನಕ್ಕೆ ಪೈಪೋಟಿಗೆ ನಿಲ್ಲಬಾರದು.

ಸಾಧ್ಯವಾದರೆ ಹೊಸ ಇಕ್ಕಳ, ಉಳಿಗಳನ್ನು ಅವರಿಂದಲೇ ಮಾಡಿಸಿಕೊಳ್ಳಿ. ಶಾಲೆಯ ತೋಟಕ್ಕೆ ಬೇಕಾದ ಗುದ್ದಲಿ, ಕುರ್ಚಿಗೆಗಳನ್ನೂ ಅಲ್ಲೇ ಮಾಡಿಸಿ. 2023ರಲ್ಲಿ ಆರಂಭವಾದ ಕೇಂದ್ರ ಸರ್ಕಾರದ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಕಮ್ಮಾರಿಕೆಯೂ ಒಂದು. ತರಬೇತಿಯ ಜೊತೆಗೆ ಸಲಕರಣೆಗೆಂದು 15,000 ರೂಪಾಯಿವರೆಗೆ ನೆರವಿಗೆ ಅದರಲ್ಲಿ ಅವಕಾಶ ಕಲ್ಪಿಸಲಾಗಿದೆ. ಅರ್ಜಿ, ದಾಖಲೆಗಳ ವಿಚಾರದಲ್ಲಿ ನಾವು ಅವರಿಗೆ ನೆರವಾಗಬಹುದು. ಅವರು ನಮಗೆ ಕಬ್ಬಿಣ ಓದುವುದನ್ನು ಕಲಿಸಿದರೆ ನಾವು ಅವರಿಗೆ ಅರ್ಜಿ ಓದಿ ಹೇಳೋಣ.

ಎಚ್ಚರಿಕೆಗಳು

ಬೆಂಕಿಯ ಕೆಲಸ ಇದು. ಕೆಲವು ಮಾತುಗಳನ್ನು ಮರೆಯುವಂತಿಲ್ಲ. ಹೊಳೆಯುವ ಕೆಂಪು ಕಬ್ಬಿಣಕ್ಕಿಂತ ಕಪ್ಪಗೆ ಕಾಣುವ ಕಬ್ಬಿಣ ಹೆಚ್ಚು ಅಪಾಯ. 400 ಡಿಗ್ರಿಯಲ್ಲಿ ಅದು ಕಪ್ಪಗೇ ಇರುತ್ತದೆ, ಮುಟ್ಟಿದರೆ ಚರ್ಮ ಅಂಟಿಕೊಳ್ಳುತ್ತದೆ. ಕುಲುಮೆಯಲ್ಲಿ ಬಿದ್ದ ಯಾವುದನ್ನೂ ಬರಿಗೈಯಿಂದ ಎತ್ತಬೇಡಿ. ಸತುವಿನ ಲೇಪವಿರುವ ಪೈಪು, ತಗಡು, ಬಕೆಟ್ ಹಿಡಿಗಳನ್ನು ಎಂದೂ ಕಾಯಿಸಬೇಡಿ. ಸತು ಸುಮಾರು 907 ಡಿಗ್ರಿಯಲ್ಲಿ ಕುದಿದು ಬಿಳಿ ಹೊಗೆಯಾಗುತ್ತದೆ, ಅದನ್ನು ಉಸಿರಾಡಿದರೆ ಚಳಿಜ್ವರ ಬರುತ್ತದೆ. ಇದ್ದಿಲ ಹೊಗೆಯಲ್ಲಿ ಬಣ್ಣ ವಾಸನೆಗಳಿಲ್ಲದ ಕಾರ್ಬನ್ ಮಾನಾಕ್ಸೈಡ್ ಇರುತ್ತದೆ, ಮುಚ್ಚಿದ ಕೋಣೆಯಲ್ಲಿ ಒಲೆ ಹೊತ್ತಿಸಬೇಡಿ. ನೆರಳಿರುವ, ಗಾಳಿಯಾಡುವ ಚಪ್ಪರ ಬೇಕು. ನೈಲಾನ್, ಪಾಲಿಯೆಸ್ಟರ್ ಬಟ್ಟೆ ಕರಗಿ ಮೈಗಂಟುತ್ತದೆ, ಹತ್ತಿಯದನ್ನೇ ತೊಡಿ. ಕಣ್ಣಿಗೆ ಕನ್ನಡಕ, ಕಾಲಿಗೆ ಮುಚ್ಚಿದ ಬೂಟು ಇರಲಿ.

ಮಕ್ಕಳ ವಿಷಯದಲ್ಲಿ ಇನ್ನೂ ಕಟ್ಟುನಿಟ್ಟು ಬೇಕು. ಮಕ್ಕಳು ನೋಡಲಿ, ಪ್ರಶ್ನೆ ಕೇಳಲಿ, ಬರೆದುಕೊಳ್ಳಲಿ. ಕಾದ ಕಬ್ಬಿಣವನ್ನು ಅವರ ಕೈಗೆ ಕೊಡಬೇಡಿ. ತರಗತಿಯಲ್ಲಿ ಮಾಡಲು ಇದಕ್ಕಿಂತ ಚಿಕ್ಕ ಪ್ರಯೋಗವೊಂದಿದೆ, ಶಿಕ್ಷಕರೇ ಮಾಡಿ ತೋರಿಸಬಹುದು. ಮೂರು ಹೊಲಿಗೆ ಸೂಜಿ ತೆಗೆದುಕೊಳ್ಳಿ. ಒಂದನ್ನು ಹಾಗೆಯೇ ಬಿಡಿ. ಎರಡನೆಯದನ್ನು ಸ್ಪಿರಿಟ್ ದೀಪದ ಜ್ವಾಲೆಯಲ್ಲಿ ಕೆಂಪಗೆ ಕಾಯಿಸಿ ನಿಧಾನವಾಗಿ ಮೇಲಕ್ಕೆತ್ತುತ್ತ ತಣಿಯಲು ಬಿಡಿ. ಮೂರನೆಯದನ್ನು ಕೆಂಪಗೆ ಕಾಯಿಸಿ ತಕ್ಷಣ ನೀರಿಗೆ ಅದ್ದಿ. ಚೂರು ಹಾರದಂತೆ ಬಟ್ಟೆ ಸುತ್ತಿ, ಇಕ್ಕಳದಿಂದ ಒಂದೊಂದನ್ನೇ ಬಗ್ಗಿಸಿ. ಮೊದಲನೆಯದು ಸ್ವಲ್ಪ ಬಾಗಿ ಚಿಮ್ಮಿ ನೆಟ್ಟಗಾಗುತ್ತದೆ, ಹೆಚ್ಚು ಬಗ್ಗಿಸಿದರೆ ಮುರಿಯುತ್ತದೆ. ಎರಡನೆಯದು ತಂತಿಯಂತೆ ಬಾಗಿ ಹಾಗೆಯೇ ಉಳಿಯುತ್ತದೆ. ಮೂರನೆಯದು ಬಾಗುವ ಮೊದಲೇ ಪಟ್ಟನೆ ಮುರಿಯುತ್ತದೆ. ಲೋಹ ಒಂದೇ, ತಣಿದ ರೀತಿ ಮಾತ್ರ ಬೇರೆ. ಆ ಹುಡುಗನ ಪ್ರಶ್ನೆಗೆ ನಾನು ಅಂದು ಕೊಡಬೇಕಾಗಿದ್ದ ಉತ್ತರ ಈ ಮೂರು ಸೂಜಿಗಳಲ್ಲಿತ್ತು.

ಕೆಲವು ಆಕ್ಷೇಪಗಳು

ಸಮಾಲೋಚನಾ ಸಭೆಗಳಲ್ಲಿ ಈ ಮಾತೆತ್ತಿದಾಗ ಕೆಲವು ಆಕ್ಷೇಪಗಳು ಬಂದಿವೆ. ಬಿಸಿಯೂಟದ ಲೆಕ್ಕ, ಗಣತಿ, ತರಬೇತಿಗಳ ನಡುವೆ ಸಮಯವೆಲ್ಲಿ ಎಂಬುದು ಮೊದಲನೆಯದು. ನಿಜವೇ. ಆದರೆ ನಾನು ಹೇಳುತ್ತಿರುವುದು ಹವ್ಯಾಸ, ಇನ್ನೊಂದು ಸುತ್ತೋಲೆಯಲ್ಲ. ಯಾರಿಗೂ ಕಡ್ಡಾಯ ಬೇಡ. ಕಡ್ಡಾಯವಾದ ದಿನವೇ ಇದೂ ಒಂದು ನಮೂನೆಯ ಪತ್ರವಾಗಿಬಿಡುತ್ತದೆ.

ಎರಡನೆಯದು ಗಂಭೀರವಾದದ್ದು. "ಕುಲಕಸುಬಿನಿಂದ ಹೊರಬರಲಿ ಎಂದು ಮಕ್ಕಳನ್ನು ಶಾಲೆಗೆ ಕರೆತಂದಿದ್ದೇವೆ. ನೀವು ಮತ್ತೆ ಅಲ್ಲಿಗೇ ಕಳುಹಿಸುತ್ತೀರಾ?" ಎಂದು ಹಿರಿಯ ಶಿಕ್ಷಕಿಯೊಬ್ಬರು ಕೇಳಿದರು. ಅವರ ಆತಂಕ ನನ್ನದೂ ಹೌದು. ಕಮ್ಮಾರನ ಮಗ ಕಮ್ಮಾರನೇ ಆಗಬೇಕೆಂದು ನಾನು ಹೇಳುತ್ತಿಲ್ಲ. ಅವನು ಬೇಕಾದ್ದು ಓದಲಿ. ಆದರೆ ತನ್ನ ಮನೆಯ ಕೆಲಸ ನಾಚಿಕೆಗೇಡು ಎಂದುಕೊಂಡು ಅವನು ಶಾಲೆಯಲ್ಲಿ ಕೂರಬಾರದು. ಕುಲುಮೆಗೆ ಹೋಗಬೇಕಾದವರು ಅವನಲ್ಲ, ನಾವು. ಯಾವ ಜಾತಿಯಲ್ಲಿ ಹುಟ್ಟಿದ ಶಿಕ್ಷಕರಾದರೂ ಸುತ್ತಿಗೆ ಹಿಡಿದು ಬೆವರಿಳಿಸಿದಾಗ ಕೆಲಸಕ್ಕೂ ಹುಟ್ಟಿಗೂ ಇರುವ ಗಂಟು ಸ್ವಲ್ಪವಾದರೂ ಸಡಿಲವಾಗುತ್ತದೆ. ಇದು ಮಹಿಳಾ ಶಿಕ್ಷಕಿಯರಿಗೆ ಹೊಂದುತ್ತದೆಯೇ ಎಂದು ಕೇಳುವವರು ಯಾವುದಾದರೂ ಕುಲುಮೆಗೆ ಹೋಗಿ ನೋಡಲಿ. ಎಷ್ಟೋ ಮನೆಗಳಲ್ಲಿ ಸಮ್ಮಟಿಗೆ ಎತ್ತಿ ಹೊಡೆಯುವವರು ಹೆಂಗಸರೇ.

2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಉತ್ಪಾದಕ ಕೆಲಸವನ್ನು ಕಲಿಕೆಯ ಮಾಧ್ಯಮವಾಗಿಸಬೇಕೆಂದು ಹೇಳಿತು. 1937ರಲ್ಲಿ ವಾರ್ಧಾದಲ್ಲಿ ಗಾಂಧೀಜಿ ಮುಂದಿಟ್ಟ ಮೂಲಶಿಕ್ಷಣದ ಆಶಯವೂ ಅದೇ ಆಗಿತ್ತು. ಇಷ್ಟು ವರ್ಷಗಳ ನಂತರವೂ ನಮ್ಮಲ್ಲಿ ಕೈಕೆಲಸವೆಂದರೆ ಬಣ್ಣದ ಕಾಗದದ ಹೂವು. ಅದಕ್ಕೆ ಕಾರಣ ಮಕ್ಕಳಲ್ಲ, ನಮಗೇ ಕೈಕೆಲಸ ಗೊತ್ತಿಲ್ಲದಿರುವುದು.

ಉಕ್ಕಿನ ನಾಡಿನವರು ನಾವು

ಹಾವೇರಿ ಜಿಲ್ಲೆಯ ಹಳ್ಳೂರಿನಲ್ಲಿ ನಡೆದ ಉತ್ಖನನದಲ್ಲಿ ಸುಮಾರು ಮೂರು ಸಾವಿರ ವರ್ಷಗಳಷ್ಟು ಹಳೆಯ ಕಬ್ಬಿಣದ ವಸ್ತುಗಳು ಸಿಕ್ಕಿವೆ. 1800–01ರಲ್ಲಿ ಮೈಸೂರು ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕನನ್ ಇಲ್ಲಿನ ಹಳ್ಳಿಗರು ಕಬ್ಬಿಣ ಕರಗಿಸುತ್ತಿದ್ದ, ಉಕ್ಕು ಮಾಡುತ್ತಿದ್ದ ಬಗೆಯನ್ನು ವಿವರವಾಗಿ ಬರೆದಿದ್ದಾನೆ. ದಕ್ಷಿಣ ಭಾರತದ ಈ ಉಕ್ಕನ್ನು ಯುರೋಪಿನವರು ವೂಟ್ಸ್ ಎಂದು ಕರೆದರು. ಆ ಹೆಸರು ನಮ್ಮ 'ಉಕ್ಕು' ಎಂಬ ಪದದಿಂದಲೇ ಬಂದಿರಬೇಕೆಂದು ಹಲವು ವಿದ್ವಾಂಸರು ಅಭಿಪ್ರಾಯಪಡುತ್ತಾರೆ.

ಲಂಡನ್ನಿನಲ್ಲಿ ಈ ಉಕ್ಕಿನ ಗುಟ್ಟು ತಿಳಿಯಲು 1819ರ ವೇಳೆಗೆ ಪ್ರಯೋಗಗಳಲ್ಲಿ ತೊಡಗಿದವರಲ್ಲಿ ಒಬ್ಬ ತರುಣ ವಿಜ್ಞಾನಿಯಿದ್ದ. ಚೂರಿ ತಯಾರಕ ಜೇಮ್ಸ್ ಸ್ಟೋಡಾರ್ಟ್ ಜೊತೆ ಸೇರಿ ಅವನು ಮಾಡಿದ ಉಕ್ಕಿನ ಮಿಶ್ರಲೋಹಗಳ ಪ್ರಯೋಗಗಳು 1820ರಲ್ಲಿ ಪ್ರಕಟವಾದವು. ಅವನೇ ಮುಂದೆ 1831ರಲ್ಲಿ ವಿದ್ಯುತ್ಕಾಂತೀಯ ಪ್ರೇರಣೆಯನ್ನು ಕಂಡುಹಿಡಿದ ಮೈಕೆಲ್ ಫ್ಯಾರಡೆ. ನಿಮ್ಮ ಶಾಲೆಯಲ್ಲಿ ಇಂದು ಉರಿಯುವ ದೀಪದ ಹಿಂದೆ ಅವನ ಕೆಲಸವಿದೆ. ಅವನ ತಂದೆ ಯಾರು ಗೊತ್ತೇ? ಒಬ್ಬ ಕಮ್ಮಾರ.

"ಓದದಿದ್ದರೆ ತಿದಿ ಒತ್ತಲು ಹೋಗು" ಎಂದು ನಾನು ಹೇಳಿದ್ದು ಇದೆಲ್ಲ ತಿಳಿಯುವ ಮೊದಲು. ಮುಂದೊಂದು ದಿನ ಅದೇ ತರಗತಿಯ ಮುಂದೆ ನಿಂತು, ಅಂದು ಹೇಳಿದ್ದು ತಪ್ಪೆಂದು ಒಪ್ಪಿಕೊಂಡೆ. ಹುಡುಗನ ತಂದೆಯನ್ನು ಶಾಲೆಗೆ ಕರೆಸಿ ಒಂದು ಅವಧಿ ಪಾಠ ಮಾಡಿಸಿದೆ. ಅವರು ಹೆಚ್ಚು ಮಾತನಾಡಲಿಲ್ಲ. ಒಂದು ಹೊಸ ಮಚ್ಚನ್ನು ತಂದಿದ್ದರು, ಅದರ ಅಲಗಿನ ಮೇಲಿನ ನೀಲಿ, ನೇರಳೆ, ಹಳದಿ ಪಟ್ಟೆಗಳನ್ನು ಬೆರಳಿಟ್ಟು ತೋರಿಸಿ ಯಾವ ಬಣ್ಣಕ್ಕೆ ಎಷ್ಟು ಹದ ಎಂದು ಹೇಳಿದರು. ಅಷ್ಟರಲ್ಲೇ ಗಂಟೆ ಹೊಡೆಯಿತು. ಮಕ್ಕಳು ಏಳಲಿಲ್ಲ.

ಮಿತ್ರರೇ, ನಿಮ್ಮ ಶಾಲೆಯ ಸುತ್ತಮುತ್ತ ಇನ್ನೂ ಉರಿಯುತ್ತಿರುವ ಕುಲುಮೆ ಒಂದಾದರೂ ಇದ್ದರೆ ಈ ಭಾನುವಾರವೇ ಹೋಗಿ ಬನ್ನಿ. ಏನನ್ನೂ ಕೊಳ್ಳಬೇಡಿ. ತಿದಿ ತಿರುಗಿಸಿ, ಕೆಂಡದ ಬಣ್ಣ ಬದಲಾಗುವುದನ್ನು ನೋಡಿ, ಸಾಧ್ಯವಾದರೆ ಒಂದು ಮೊಳೆ ಬಡಿಯಿರಿ. ಅದು ಸೊಟ್ಟಗೆ ಬಂದೀತು. ಸೋಮವಾರ ಅದನ್ನೇ ಜೇಬಿನಲ್ಲಿಟ್ಟುಕೊಂಡು ತರಗತಿಗೆ ಹೋಗಿ, ಹೇಗೆ ಮಾಡಿದಿರಿ ಎಂದು ಮಕ್ಕಳಿಗೆ ಹೇಳಿ. ಲೋಹಗಳ ಪಾಠವನ್ನು ಅಲ್ಲಿಂದ ಆರಂಭಿಸಿ.